ಪಾರ್ಕಿಂಗ್ ಎಣಿಸಿದರು, ಟಿಸಿ ಎಣಿಸಲಿಲ್ಲ

ರಾಬರ್ಟ್‌ಸನ್‌ಪೇಟೆಯಿಂದ ಯಾವ ದಿಕ್ಕಿಗೆ ಹೊರಟರೂ ಈಗ ಒಂದಾದರೂ ಲೇಔಟ್ ಬೋರ್ಡು ಸಿಗುತ್ತೆ. ಒಂದು ಕಮಾನು, ಎರಡು ಸಿಮೆಂಟ್ ಆನೆ, ಒಳಗೆ ಕಲ್ಲು ನೆಟ್ಟ ಮೂವತ್ತು-ನಲವತ್ತರ ಸೈಟುಗಳು. ಬೇತಮಂಗಲದ ಕಡೆ ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್‌ವೇ ಬಂದಮೇಲಂತೂ ಆನೆಗಳಿಗೆ ಲೆಕ್ಕವಿಲ್ಲ. ಅಂಥದ್ದೊಂದು ಲೇಔಟಿನ ಕರಪತ್ರ ಕೈಗೆ ಬಂತು. ಕ್ಲಬ್ ಹೌಸು, ಮಕ್ಕಳ ಪಾರ್ಕು, ಇಪ್ಪತ್ನಾಲ್ಕು ಗಂಟೆ ನೀರು (ಕೋಲಾರ ಜಿಲ್ಲೆಯಲ್ಲಿ! ಇರಲಿ), ಕೊನೆಗೆ ಹಸಿರು ಅಕ್ಷರದಲ್ಲಿ ‘ಇವಿ ರೆಡಿ’. ಖಾಲಿ ಸೈಟು ಎಲೆಕ್ಟ್ರಿಕ್ ಗಾಡಿಗೆ ಹೇಗೆ ರೆಡಿಯಾಗಿರುತ್ತೆ ಅಂತ ಅಲ್ಲಿದ್ದ ಹುಡುಗನನ್ನು ಕೇಳಿದೆ. “ಮನೆ ಕಟ್ಟಿದ ಮೇಲೆ ನೀವು ಪಾಯಿಂಟ್ ಹಾಕಿಸ್ಕೋಬಹುದು ಸಾರ್” ಅಂದ. ಆ ಲೆಕ್ಕದಲ್ಲಿ ಅದು ಫ್ರಿಜ್ ರೆಡಿ, ಗ್ರೈಂಡರ್ ರೆಡಿ ಕೂಡ ಹೌದು.

ಹುಡುಗನ ಮೇಲೆ ನನಗೇನೂ ಸಿಟ್ಟಿಲ್ಲ. ಅವನು ಹೇಳಿದ್ದು ಕಾನೂನಿಗೆ ತಪ್ಪೂ ಅಲ್ಲ. ಈ ಬರಹದ ತಕರಾರಿರೋದು ಆ ಕಾನೂನಿನ ಜೊತೆಗೇ.

ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2016ರಲ್ಲಿ ಮಾದರಿ ಕಟ್ಟಡ ಬೈಲಾ ಅಂತ ಒಂದು ದೊಡ್ಡ ಪುಸ್ತಕ ಮಾಡಿತು. 2019ರ ಫೆಬ್ರವರಿಯಲ್ಲಿ ಅದಕ್ಕೆ ಎಲೆಕ್ಟ್ರಿಕ್ ಗಾಡಿಗಳ ಚಾರ್ಜಿಂಗ್ ಬಗ್ಗೆ ತಿದ್ದುಪಡಿ ಸೇರಿಸಿತು. ಅದರ ಸಾರ ಇಷ್ಟು: ಕಟ್ಟಡದ ಆವರಣದಲ್ಲಿ ಎಷ್ಟು ಗಾಡಿ ನಿಲ್ಲಿಸಬಹುದೋ ಅದರ 20 ಶೇಕಡಾಕ್ಕೆ ಚಾರ್ಜಿಂಗ್ ವ್ಯವಸ್ಥೆ ಇರಬೇಕು. ಎಲ್ಲ ಪಾಯಿಂಟುಗಳೂ ಒಟ್ಟಿಗೆ ಓಡಿದರೆ ಎಷ್ಟು ಕರೆಂಟು ಬೇಕೋ ಅದನ್ನು 1.25ರಿಂದ ಗುಣಿಸಿ ಅಷ್ಟು ಹೆಚ್ಚುವರಿ ಲೋಡ್ ಇಟ್ಟುಕೊಳ್ಳಬೇಕು. ಮೂರು ಎಲೆಕ್ಟ್ರಿಕ್ ಕಾರಿಗೆ ಒಂದು ನಿಧಾನದ ಚಾರ್ಜರ್, ಹತ್ತಕ್ಕೆ ಒಂದು ವೇಗದ್ದು, ಎರಡು ಸ್ಕೂಟರಿಗೆ ಒಂದು ನಿಧಾನದ್ದು ಅಂತ ಕೋಷ್ಟಕವೂ ಇದೆ. ಆಮೇಲೆ ಒಂದು ಸಣ್ಣ ಸಾಲು: ಸ್ವಂತ ವಾಸದ ಬಿಡಿ ಮನೆಯಾದರೆ ಏನು ಹಾಕಿಸಬೇಕು ಅನ್ನೋದು ಮಾಲೀಕನಿಗೆ ಬಿಟ್ಟಿದ್ದು.

ಮಾದರಿ ಅಂದರೆ ಮಾದರಿ ಅಷ್ಟೇ. ರಾಜ್ಯ, ನಗರಸಭೆ, ಪ್ರಾಧಿಕಾರಗಳು ತಮ್ಮ ನಿಯಮಗಳಲ್ಲಿ ಬರೆದುಕೊಂಡರೆ ಅದಕ್ಕೆ ಜೀವ ಬರುತ್ತೆ. ಕರ್ನಾಟಕ ಈ ವಿಷಯದಲ್ಲಿ ಹಿಂದೆ ಬಿದ್ದ ರಾಜ್ಯವೇನಲ್ಲ. ದೇಶದಲ್ಲೇ ಮೊದಲು ಎಲೆಕ್ಟ್ರಿಕ್ ವಾಹನ ನೀತಿ ತಂದದ್ದು ನಾವು, 2017ರಲ್ಲಿ. ಬಹುಮಹಡಿ ಕಟ್ಟಡ, ಟೆಕ್ ಪಾರ್ಕು, ಅಪಾರ್ಟ್‌ಮೆಂಟುಗಳಲ್ಲಿ ಚಾರ್ಜಿಂಗ್ ಇರಲೇಬೇಕು ಅನ್ನೋ ಹಾಗೆ ಬೈಲಾ ತಿದ್ದುತ್ತೇವೆ ಅಂತ ಆ ನೀತಿಯಲ್ಲೇ ಹೇಳಿತ್ತು.

ಆ ಪಟ್ಟಿಯನ್ನ ಇನ್ನೊಂದು ಸಲ ಓದಿ. ಬಹುಮಹಡಿ, ಟೆಕ್ ಪಾರ್ಕು, ಅಪಾರ್ಟ್‌ಮೆಂಟು. ಬರೆದವರ ಕಣ್ಣ ಮುಂದೆ ಇದ್ದದ್ದು ವೈಟ್‌ಫೀಲ್ಡು. ಅಲ್ಲಿಂದ ಸ್ವರ್ಣ ರೈಲು ಹತ್ತಿ ನಮ್ಮ ಕಡೆ ಬಂದರೆ ಈ ಮೂರರಲ್ಲಿ ಯಾವುದೂ ಸುಲಭಕ್ಕೆ ಸಿಗಲ್ಲ. ಊರ್ಗಾಂ, ಚಾಂಪಿಯನ್, ಮಾರಿಕುಪ್ಪಂ ಕಡೆ ಇರೋದು ಗಣಿ ಕಾಲದ ಲೈನ್ ಮನೆಗಳು, ಒಂದರ ಬೆನ್ನಿಗೆ ಇನ್ನೊಂದು. ರಾಬರ್ಟ್‌ಸನ್‌ಪೇಟೆ ಒಳಗೆ ಕೆಳಗೆ ಅಂಗಡಿ, ಮೇಲೆ ಮನೆ. ಹೊರಗೆ ಲೇಔಟು, ಲೇಔಟಿನ ತುಂಬ ಬಿಡಿ ಮನೆ, ಬಿಡಿ ಮನೆಯ ಮೇಲಂತಸ್ತು ಬಾಡಿಗೆಗೆ. ಅಂದರೆ ನಮ್ಮಲ್ಲಿ ‘ಹೊಸ ವಸತಿ’ ಅಂತ ಏನು ಏಳುತ್ತಿದೆಯೋ ಅದರ ಬಹುಪಾಲು ಆ ಸಣ್ಣ ಸಾಲಿನೊಳಗೆ ಬೀಳುತ್ತೆ: ಮಾಲೀಕನಿಗೆ ಬಿಟ್ಟಿದ್ದು. ಇದು ಕೆಜಿಎಫ್ ಒಂದರ ಕಥೆ ಅಲ್ಲ. ಬಂಗಾರಪೇಟೆ, ಮಾಲೂರು, ಚಿಂತಾಮಣಿ, ಎಲ್ಲಿ ನೋಡಿದರೂ ಊರು ಬೆಳೆಯೋದು ಸೈಟಿನ ಲೆಕ್ಕದಲ್ಲಿ, ಫ್ಲಾಟಿನ ಲೆಕ್ಕದಲ್ಲಲ್ಲ.

ಮಾಲೀಕನಿಗೆ ಬಿಟ್ಟರೆ ಏನಾಯ್ತು, ಅವನ ಮನೆ, ಅವನ ಪಾಯಿಂಟು ಅಂತ ಕೇಳಬಹುದು. ಇದಕ್ಕೆ ಉತ್ತರ ನಾನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿತದ್ದಲ್ಲ, ಊರಲ್ಲಿ ಕಲಿತದ್ದು.

ಹಳ್ಳಿಯಲ್ಲಿ ಬೆಳೆದವರಿಗೆ ಟಿಸಿ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಬೆಂಗಳೂರಿನ ಗೆಳೆಯರಿಗೆ: ಟ್ರಾನ್ಸ್‌ಫಾರ್ಮರ್. ನಮ್ಮೂರಲ್ಲಿ ರಾತ್ರಿ ಹೊತ್ತು ತ್ರೀಫೇಸ್ ಬರುತ್ತಿತ್ತು. ಎದ್ದು ಹೋಗಿ ಮೋಟಾರ್ ಹಾಕೋ ಕಷ್ಟ ಯಾಕೆ ಅಂತ ಪ್ರತಿ ಬೋರ್‌ವೆಲ್ಲಿಗೂ ಆಟೋ ಸ್ಟಾರ್ಟರ್. ಕರೆಂಟು ಬಂದ ಕ್ಷಣ ಆ ಟಿಸಿಯ ಕೆಳಗಿನ ಅಷ್ಟೂ ಮೋಟಾರು ಒಂದೇ ಸಲ ಎದ್ದು ನಿಲ್ಲೋವು. ಮೋಟಾರು ಎದ್ದೇಳುವಾಗ ಎಳೆಯೋ ಕರೆಂಟು ಓಡುವಾಗಿನದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಬೇಸಿಗೆಯಲ್ಲಿ ಒಂದು ರಾತ್ರಿ ‘ಢಂ’ ಅನ್ನೋದು. ಬೆಳಿಗ್ಗೆ ಅರಳಿಕಟ್ಟೆಯಲ್ಲಿ ಸುದ್ದಿ: ಟಿಸಿ ಸುಟ್ಟೋಯ್ತು. ಟೊಮೇಟೊ ಒಣಗೋಕೆ ನಾಲ್ಕು ದಿನ ಸಾಕು. ನೋಡಿ, ಯಾರ ಮೋಟಾರೂ ಕೆಟ್ಟದ್ದಲ್ಲ, ಯಾರೂ ಕದ್ದಿಲ್ಲ. ಪ್ರತಿಯೊಬ್ಬನ ಲೆಕ್ಕವೂ ಸರಿಯಾಗಿತ್ತು, ಒಟ್ಟು ಲೆಕ್ಕ ಮಾತ್ರ ಯಾರದ್ದೂ ಆಗಿರಲಿಲ್ಲ.

ಈಗ ಇದನ್ನೇ ಲೇಔಟಿಗೆ ತನ್ನಿ. ನೂರು ಮನೆ, ಮನೆಗೊಂದು ಎಲೆಕ್ಟ್ರಿಕ್ ಸ್ಕೂಟರ್. ನಮ್ಮ ಊರಿನ ಗಾಡಿ ಅಂದರೆ ಅದೇ. ತಯಾರಾಗೋದೂ ಇಲ್ಲೇ ಗಡಿಯಾಚೆ. ಎಥರ್ ಹೊಸೂರಿನಲ್ಲಿ, ಓಲಾ ಕೃಷ್ಣಗಿರಿ ಜಿಲ್ಲೆಯ ಪೋಚಂಪಳ್ಳಿಯಲ್ಲಿ. ಸ್ಕೂಟರಿನ ಮನೆ ಚಾರ್ಜರು ಸುಮಾರು 750 ವ್ಯಾಟ್ ಎಳೆಯುತ್ತೆ ಅಂತ ಇಟ್ಟುಕೊಳ್ಳಿ. ಸಂಜೆ ರೈಲು ಬಂತು, ಎಲ್ಲರೂ ಮನೆಗೆ ಬಂದು ಚಪ್ಪಲಿ ಬಿಡೋ ಮೊದಲು ಪ್ಲಗ್ ಸಿಕ್ಕಿಸಿದರು: 75 ಕಿಲೋವ್ಯಾಟ್. ಟಿವಿ, ಗೀಸರು, ಅಡುಗೆಮನೆಯ ಲೋಡು ಮೊದಲೇ ಇರೋ ಹೊತ್ತಲ್ಲಿ ಇಷ್ಟು ಹೆಚ್ಚುವರಿ. ಅಲ್ಲಿ ಕೂತಿರೋದು 100 ಕೆವಿಎ ಟಿಸಿಯಾದರೆ ಅದರ ಪಾಡೇನು?

ಆದರೆ ಅದೇ ಸ್ಕೂಟರು ದಿನಕ್ಕೆ 25 ಕಿಲೋಮೀಟರ್ ಓಡಿದರೆ ತಿನ್ನೋದು ಮುಕ್ಕಾಲು ಯೂನಿಟ್. ಅಂದರೆ ರಾತ್ರಿಯ ಎಂಟು ಗಂಟೆಯಲ್ಲಿ ಅದಕ್ಕೆ ಬೇಕಾದದ್ದು ಒಂದೇ ಒಂದು ಗಂಟೆ. ನೂರು ಸ್ಕೂಟರನ್ನೂ ರಾತ್ರಿಯಿಡೀ ಸರದಿಯಲ್ಲಿ ಹಾಕಿದರೆ ಲೋಡು ಸುಮಾರು 10 ಕಿಲೋವ್ಯಾಟ್. 75 ಎಲ್ಲಿ, 10 ಎಲ್ಲಿ. ಬೇಕಿರೋದು ತಾಮ್ರವಲ್ಲ, ಸರದಿ.

ಅಪಾರ್ಟ್‌ಮೆಂಟಿನ ಲೆಕ್ಕವನ್ನೂ ಹೀಗೇ ಹಾಕಿ ನೋಡಿದೆ. ನೂರು ಕಾರಿನ ಪಾರ್ಕಿಂಗು. ನಿಯಮದ ಪ್ರಕಾರ 20 ಜಾಗ, ಒಂದೊಂದಕ್ಕೂ 3.3 ಕಿಲೋವ್ಯಾಟಿನ ಪಾಯಿಂಟ್ ಅಂದರೆ 66, ಅದಕ್ಕೆ 1.25 ಗುಣಿಸಿದರೆ 82.5 ಕಿಲೋವ್ಯಾಟ್. ಸರಿ. ಈಗ ಆ ನೂರಕ್ಕೆ ನೂರೂ ಎಲೆಕ್ಟ್ರಿಕ್ ಕಾರು ಅಂತ ಇಟ್ಟುಕೊಳ್ಳಿ. ಒಂದೊಂದು ದಿನಕ್ಕೆ 40 ಕಿಲೋಮೀಟರ್ ಓಡಿ 6 ಯೂನಿಟ್ ತಿಂದಿತು. ಒಟ್ಟು 600, ಚಾರ್ಜಿಂಗಿನಲ್ಲಿ ಸೋರೋದು ಹತ್ತು ಶೇಕಡಾ ಸೇರಿಸಿದರೆ 660 ಯೂನಿಟ್. ರಾತ್ರಿಯ ಎಂಟು ಗಂಟೆಗೆ ಹಂಚಿ: 82.5 ಕಿಲೋವ್ಯಾಟ್. ಅದೇ ಸಂಖ್ಯೆ! ನಿಯಮ ಇಪ್ಪತ್ತು ಕಾರಿಗೆ ಅಂತ ತೆಗೆದಿಡಿಸೋ ಕರೆಂಟಲ್ಲಿ, ಸರದಿ ಇದ್ದರೆ, ನೂರು ಕಾರು ಬೆಳಗಾಗೋದರೊಳಗೆ ತುಂಬಿರುತ್ತವೆ. ನಿಜ, ನನ್ನ ಸಂಖ್ಯೆಗಳು ಸರಾಸರಿ. ಹಬ್ಬದ ಹಿಂದಿನ ರಾತ್ರಿ ಎಲ್ಲರೂ ಊರಿಗೆ ಹೊರಟರೆ ಕಿರಿಕಿರಿಯಾಗುತ್ತೆ. ಆದರೂ ಇಪ್ಪತ್ತಕ್ಕೂ ನೂರಕ್ಕೂ ಇರೋ ದೂರ ಸಣ್ಣದಲ್ಲ. ಇಷ್ಟು ಲೋಡಿಗೆ ಬಿಲ್ಡರ್ ಕಟ್ಟೋ ದುಡ್ಡು ಫ್ಲಾಟಿನ ಬೆಲೆಯಲ್ಲೇ ಇರುತ್ತೆ, ಅದು ಬೇರೆ ಮಾತು.

ಇಂಗ್ಲೆಂಡಿನವರು ಏನು ಮಾಡಿದರು ಅಂತ ನೋಡೋಣ. (ಕೆಜಿಎಫನ್ನು ‘ಲಿಟಲ್ ಇಂಗ್ಲೆಂಡ್’ ಅಂತ ಕರೀತಾರಲ್ಲ, ಹೋಲಿಸೋ ಹಕ್ಕು ನಮಗಿದೆ.) 2022ರ ಜೂನ್ 15ರಿಂದ ಅಲ್ಲಿ ಪಾರ್ಕಿಂಗ್ ಜಾಗ ಇರೋ ಪ್ರತಿ ಹೊಸ ಮನೆಗೂ ಕನಿಷ್ಠ 7 ಕಿಲೋವ್ಯಾಟಿನ ಚಾರ್ಜಿಂಗ್ ಪಾಯಿಂಟು ಕಡ್ಡಾಯ. ಬಿಡಿ ಮನೆಗೆ ವಿನಾಯಿತಿ ಇಲ್ಲ. ಆದರೆ ನನಗೆ ಇಷ್ಟವಾದದ್ದು ಅದಲ್ಲ. ಅದೇ ತಿಂಗಳ 30ಕ್ಕೆ ಇನ್ನೊಂದು ನಿಯಮ ಜಾರಿಗೆ ಬಂತು: ಮನೆಗೆ ಮಾರೋ ಚಾರ್ಜರು ಸ್ಮಾರ್ಟ್ ಆಗಿರಬೇಕು, ಜನ ಜಾಸ್ತಿ ಕರೆಂಟು ಬಳಸೋ ಹೊತ್ತನ್ನು ತಪ್ಪಿಸಿ ಚಾರ್ಜ್ ಮಾಡೋ ಹಾಗೆ ಮೊದಲೇ ಹೊಂದಿಸಿರಬೇಕು, ಮತ್ತು ಶುರುವಾಗೋ ಮುಂಚೆ ತನ್ನಷ್ಟಕ್ಕೆ ಹತ್ತು ನಿಮಿಷದವರೆಗೆ, ಮನಬಂದಷ್ಟು ಹೊತ್ತು, ಕಾಯಬೇಕು. ಯಾಕೆ ಕಾಯಬೇಕು? ಕಡಿಮೆ ದರದ ಹೊತ್ತು ಹನ್ನೆರಡಕ್ಕೆ ಶುರು ಅಂದರೆ ಇಡೀ ದೇಶದ ಚಾರ್ಜರುಗಳು ಹನ್ನೆರಡು ಹೊಡೆದ ಕ್ಷಣ ಎದ್ದು ನಿಲ್ಲುತ್ತವೆ ಅಂತ. ನಮ್ಮೂರಿನ ಆಟೋ ಸ್ಟಾರ್ಟರು! ಸಾಫ್ಟ್‌ವೇರಿನಲ್ಲಿ ಕೆಲಸ ಮಾಡೋರಿಗೆ ಇದು ಹಳೇ ಪಾಠ. ಎಲ್ಲ ಸರ್ವರುಗಳ ರಾತ್ರಿ ಕೆಲಸವನ್ನ ಹನ್ನೆರಡಕ್ಕೇ ಇಟ್ಟು ಡೇಟಾಬೇಸು ಮಲಗಿಸಿದ ಪುಣ್ಯಾತ್ಮರು ಪ್ರತಿ ಆಫೀಸಿನಲ್ಲೂ ಒಬ್ಬರಿರುತ್ತಾರೆ. ನಮ್ಮ 2019ರ ತಿದ್ದುಪಡಿ ಮಾತಾಡೋದು ಜಾಗದ ಬಗ್ಗೆ, ಪಾಯಿಂಟಿನ ಬಗ್ಗೆ, ಲೋಡಿನ ಬಗ್ಗೆ. ಯಾವಾಗ ಅನ್ನೋದು ಅದರ ಪ್ರಶ್ನೆಯೇ ಅಲ್ಲ.

ಕರೆಂಟಿನ ವಿಷಯದಲ್ಲಿ ಮುಂದಾಲೋಚನೆ ನಮ್ಮ ಊರಿಗೆ ಹೊಸದೇನೂ ಅಲ್ಲ. 1902ರ ಜೂನ್ 30ರಂದು ಶಿವನಸಮುದ್ರದಿಂದ ಕೆಜಿಎಫ್ ಗಣಿಗಳಿಗೆ ವಿದ್ಯುತ್ ಬಂತು. ಸುಮಾರು 147 ಕಿಲೋಮೀಟರ್ ಉದ್ದದ ತಂತಿ. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ್ದು ಅಂತ ಹೆಸರಾಗಿದ್ದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ, ಮೂರು ವರ್ಷ ಆದಮೇಲೆ. ಈ ಮಾತನ್ನ ನಾವು ಕೆಜಿಎಫಿನವರು ಎದೆ ಉಬ್ಬಿಸಿ ಹೇಳ್ತೀವಿ. ಹೇಳುವಾಗ ಬಿಟ್ಟುಬಿಡೋದು ಅದರ ಹಿಂದಿನ ವ್ಯವಹಾರ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದ ಮೈಸೂರು ಸರ್ಕಾರ ಕಾವೇರಿಯಲ್ಲಿ ಯಂತ್ರ ಕೂರಿಸೋ ಮುಂಚೆಯೇ ಗಣಿ ನಡೆಸುತ್ತಿದ್ದ ಜಾನ್ ಟೇಲರ್ ಕಂಪನಿಯ ಜೊತೆ ಮಾತು ಮುಗಿಸಿ, ಇಷ್ಟು ವಿದ್ಯುತ್ ನೀವು ಕೊಳ್ಳಬೇಕು ಅಂತ ಕರಾರು ಮಾಡಿಕೊಂಡಿತ್ತು. ಲೋಡು ಎಷ್ಟು, ಎಲ್ಲಿ, ಯಾರು ದುಡ್ಡು ಕೊಡೋರು ಅನ್ನೋದು ಗೊತ್ತಾದ ಮೇಲೆ ಕಂಬ ನೆಟ್ಟರು. ಅಯ್ಯರ್ 1901ರಲ್ಲೇ ತೀರಿಕೊಂಡರು, ದೀಪ ನೋಡಲಿಲ್ಲ. ಆದರೆ ಲೆಕ್ಕ ಹಾಕಿಟ್ಟು ಹೋಗಿದ್ದರು. ಗಣಿಗೆ ಇದ್ದ ಈ ಲೆಕ್ಕ, ಗಣಿ ಮುಚ್ಚಿ (2001ರ ಫೆಬ್ರವರಿ 28) ಇಷ್ಟು ವರ್ಷವಾದ ಮೇಲೆ ಅದೇ ಊರಿನ ಹೊರಗೆ ಏಳ್ತಿರೋ ಮನೆಗಳಿಗೆ ಇಲ್ಲ ಅನ್ನೋದೇ ನನ್ನ ಸಂಕಟ.

ಲೆಕ್ಕ ಹಾಕೋ ಜಾಗ ಮಾತ್ರ ಇದೆ, ಹೊಸದಾಗಿ ಹುಡುಕಬೇಕಿಲ್ಲ. ಲೇಔಟಿಗೆ ಪ್ರಾಧಿಕಾರದ ಅನುಮೋದನೆ ಬೇಕು. ರಸ್ತೆ ಎಷ್ಟಗಲ, ಪಾರ್ಕು ಎಲ್ಲಿ, ಸಿಎ ಸೈಟು ಎಲ್ಲಿ, ಚರಂಡಿ ಯಾವ ಕಡೆ ಹರಿಯುತ್ತೆ, ಎಲ್ಲ ನಕ್ಷೆಯಲ್ಲಿ ತೋರಿಸಬೇಕು. ಕರೆಂಟಿನ ಕೆಲಸಕ್ಕೂ ಇಷ್ಟು ಸೈಟು, ಇಷ್ಟು ಲೋಡು, ಇಂಥ ಟಿಸಿ ಅಂತ ಅಂದಾಜು ತಯಾರಾಗುತ್ತೆ. ಆ ಅಂದಾಜಿನಲ್ಲಿ ಗಾಡಿ ಅನ್ನೋ ಸಾಲು ಸೇರಬೇಕಾದದ್ದು ಅಲ್ಲಿ. ಮಣ್ಣು ಹೇಗೂ ಅಗೆದಿರುವಾಗ ಇನ್ನೊಂದು ಖಾಲಿ ಪೈಪು ಹೂಳೋ ಖರ್ಚು ಹೂಳೋದರ ಖರ್ಚಷ್ಟೇ. ಟಾರು ಹಾಕಿದ ಮೇಲೆ ಅದೇ ಪೈಪಿಗೆ ರಸ್ತೆ ಅಗೆಯೋ ಪರ್ಮಿಷನ್ನು, ಮತ್ತೆ ಟಾರು, ಅಕ್ಕಪಕ್ಕದವರ ಜಗಳ. ಇನ್ನೊಂದು ಟಿಸಿಗೆ ಈಗಲೇ ಕಟ್ಟೆ ಬಿಡಿ, ಟಿಸಿ ಆಮೇಲೆ ಬರಲಿ. ಸಿಎ ಸೈಟಿನ ಮೂಲೆಯಲ್ಲಿ ನಾಲ್ಕು ಗಾಡಿ ನಿಲ್ಲೋ ಚಾರ್ಜಿಂಗ್ ಜಾಗ ಗುರುತಿಸಿ. ಅರ್ತಿಂಗನ್ನ ಮಾಲೀಕನ ಮರ್ಜಿಗೆ ಬಿಡಬೇಡಿ. ನಮ್ಮದು ಬಂಡೆ ನೆಲ, ವರ್ಷದ ಅರ್ಧ ಒಣಗಿರುತ್ತೆ, ಇಂಥ ನೆಲದಲ್ಲಿ ಹೆಸರಿಗೊಂದು ಸರಳು ಹೊಡೆದರೆ ಅರ್ತ್ ಆಗಲ್ಲ. ವಿದ್ಯುತ್ ಸುರಕ್ಷತೆಯ ನಿಯಮಗಳು ಚಾರ್ಜಿಂಗ್ ಪಾಯಿಂಟಿಗೆ 30 ಮಿಲಿಆಂಪಿಗೆ ಬೀಳೋ ರಕ್ಷಣೆ ಕೇಳುತ್ತವೆ. ಮಳೆಯಲ್ಲಿ ನೆನೆದ ಗೇಟಿನ ಪಕ್ಕ, ಮಗು ಕೈಗೆಟಕೋ ಎತ್ತರದಲ್ಲಿ ಒಂದು ಸಾಕೆಟು ಇಡುವಾಗ ಅದು ಅಲಂಕಾರವಲ್ಲ.

ಇದೆಲ್ಲ ಮಾಡದಿದ್ದರೆ ಏನಾಗುತ್ತೆ? ಏನೂ ಆಗಲ್ಲ, ಸ್ವಲ್ಪ ದಿನ. ಲೇಔಟಿನಲ್ಲಿ ಮೊದಲು ಎಲೆಕ್ಟ್ರಿಕ್ ಕಾರು ತರೋನು ಆರಾಮಾಗಿ ಚಾರ್ಜ್ ಮಾಡ್ತಾನೆ. ಎರಡನೆಯವನೂ, ಐದನೆಯವನೂ. ಹದಿನೈದನೆಯವನು ಲೋಡ್ ಹೆಚ್ಚಿಸಿ ಅಂತ ಅರ್ಜಿ ಹಾಕಿದಾಗ ಟಿಸಿಯಲ್ಲಿ ಜಾಗ ಇರಲ್ಲ. ಆಗ ಹೊಸ ಟಿಸಿ ಯಾರ ಖರ್ಚು? ಲೇಔಟ್ ಮಾಡಿದವನು ಸೈಟು ಮಾರಿ ಇನ್ನೊಂದು ಊರಲ್ಲಿ ಆನೆ ನಿಲ್ಲಿಸಿರುತ್ತಾನೆ. ಮೊದಲು ಬಂದವರು ‘ನಮ್ಮದಾಗಲೇ ಇದೆ’ ಅಂತಾರೆ. ಸಾಮಾನ್ಯವಾಗಿ ತಡವಾಗಿ ಬರೋನು ಅಂದರೆ ಕೈಯಲ್ಲಿ ದುಡ್ಡು ಕಡಿಮೆ ಇರೋನು, ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡೋನು. ಬಿಲ್ಲು ಬರೋದು ಅವನಿಗೆ.

ಅಪಾರ್ಟ್‌ಮೆಂಟಿನಲ್ಲಿ ನಿಯಮ ಇದ್ದೂ ಸುಖವೇನಿಲ್ಲ ಅನ್ನೋದು ಗೊತ್ತು. ಬೆಂಗಳೂರಿನಲ್ಲಿ ನಾನು ಬಾಡಿಗೆಗಿದ್ದ ಒಂದು ಕಡೆ ಚಾರ್ಜಿಂಗ್ ಜಾಗಗಳೆಲ್ಲ ನೆಲಮಾಳಿಗೆಯ ಒಂದೇ ಮೂಲೆಯಲ್ಲಿ, ಅತಿಥಿಗಳ ಪಾರ್ಕಿಂಗು ಅಂತ ಬಣ್ಣ ಹೊಡೆದು. ನಕ್ಷೆ ಪಾಸಾಯ್ತು, ಶೇಕಡಾ ಕೂಡಿತು. ಸ್ವಂತ ಜಾಗದಲ್ಲಿ ಪಾಯಿಂಟು ಹಾಕಿಸ್ತೀನಿ ಅಂದರೆ ಸಂಘದವರು ಬೆಂಕಿಯ ಭಯ ಹೇಳೋರು. ಡೀಸೆಲ್ ಜನರೇಟರು ಅದೇ ನೆಲಮಾಳಿಗೆಯಲ್ಲಿತ್ತು. ಶೇಕಡಾ ಎಣಿಸೋ ನಿಯಮಕ್ಕೆ ಶೇಕಡಾ ತೋರಿಸೋ ಉತ್ತರ ಸಿಕ್ಕಿತು, ಅಷ್ಟೇ.

ಈ ನಡುವೆ ಒಂದು ಒಳ್ಳೆ ನಿಯಮ ಸದ್ದಿಲ್ಲದೆ ಬಂದಿದೆ, ಅದನ್ನ ಹೇಳದಿದ್ದರೆ ಅನ್ಯಾಯ. 2024ರ ಫೆಬ್ರವರಿಯಲ್ಲಿ ಕೇಂದ್ರದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಿದ್ದುಪಡಿಯಾಗಿ, ಗಾಡಿ ಚಾರ್ಜಿಂಗಿಗೆ ಅಂತಲೇ ಪ್ರತ್ಯೇಕ ಸಂಪರ್ಕ ಕೇಳೋ ಹಕ್ಕು ಗ್ರಾಹಕನಿಗೆ ಸಿಕ್ಕಿತು. ಹೊಸ ಸಂಪರ್ಕಕ್ಕೆ ಗಡುವೂ ಇಳಿಯಿತು: ಮಹಾನಗರದಲ್ಲಿ 3 ದಿನ, ಉಳಿದ ಪಟ್ಟಣಗಳಲ್ಲಿ 7, ಹಳ್ಳಿಯಲ್ಲಿ 15. ನಮ್ಮ ಕಡೆಯ ಮಟ್ಟಿಗೆ ಇದು 20 ಶೇಕಡಾಕ್ಕಿಂತ ದೊಡ್ಡದು. ಯಾಕೆ ಅನ್ನೋದು ಗೃಹಜ್ಯೋತಿಯ ಲೆಕ್ಕ ಹಾಕಿದರೆ ಗೊತ್ತಾಗುತ್ತೆ. ತಿಂಗಳಿಗೆ 70 ಯೂನಿಟ್ ಸುಡೋ ಮನೆ. ಅಲ್ಲಿಗೆ ದಿನಕ್ಕೆ 40 ಕಿಲೋಮೀಟರ್ ಓಡೋ ಕಾರು ಬಂತು, ತಿಂಗಳಲ್ಲಿ 26 ದಿನಕ್ಕೆ 170 ಯೂನಿಟ್ ಸೇರಿತು. ಒಟ್ಟು 240. ಗಡಿ 200. ಗಡಿ ದಾಟಿದರೆ ಬರೀ 40ಕ್ಕಲ್ಲ, ಪೂರಾ ಬಿಲ್ಲು ಕಟ್ಟಬೇಕು. ಕಾರಿಗೆ ಬೇರೆ ಮೀಟರ್ ಇದ್ದರೆ ಮನೆಯ 70 ಮನೆಯದಾಗೇ ಉಳಿಯುತ್ತೆ. ಆದರೆ ಮೀಟರ್ ಕೊಡೋಕೆ ಟಿಸಿಯಲ್ಲಿ ಲೋಡಿರಬೇಕು, ಗೋಡೆಯಲ್ಲಿ ಎರಡನೇ ಮೀಟರಿಗೆ ಜಾಗ ಇರಬೇಕು. ಅಂದರೆ ಮತ್ತೆ ಲೇಔಟಿನ ನಕ್ಷೆ, ಮತ್ತೆ ಮನೆಯ ನಕ್ಷೆ.

ಇನ್ನು ಮೇಲಂತಸ್ತಿನ ಬಾಡಿಗೆದಾರ. ಆತ ಬೆಮೆಲ್‌ನಲ್ಲಿ ಗುತ್ತಿಗೆ ಕೆಲಸದವನೋ, ದಿನಾ ಬೆಂಗಳೂರಿಗೆ ರೈಲಿನಲ್ಲಿ ಹೋಗಿಬರೋನೋ ಆಗಿರುತ್ತಾನೆ. ಗಾಡಿ ಕೆಳಗೆ, ಮೀಟರು ಮೇಲೆ. ಮೊದಲ ಮಹಡಿಯ ಕಿಟಕಿಯಿಂದ ಎಕ್ಸ್‌ಟೆನ್ಷನ್ ಬಾಕ್ಸು ಇಳಿಬಿಟ್ಟು, ಜಾಯಿಂಟಿಗೆ ಪ್ಲಾಸ್ಟಿಕ್ ಕವರು ಸುತ್ತಿ ರಾತ್ರಿ ಚಾರ್ಜ್ ಮಾಡೋದನ್ನ ನಮ್ಮ ಬೀದಿಯಲ್ಲೇ ಎರಡು ಮನೆಯಲ್ಲಿ ದಿನಾ ನೋಡ್ತೀನಿ. ‘ಸ್ವಂತ ವಾಸದ ಬಿಡಿ ಮನೆ, ಮಾಲೀಕನಿಗೆ ಬಿಟ್ಟಿದ್ದು’ ಅನ್ನೋ ಸಾಲಿನಲ್ಲಿ ಈ ಮನುಷ್ಯ ಇಲ್ಲ. ಮನೆ ಕಟ್ಟೋವಾಗಲೇ ಮೇಲಿನ ಮೀಟರಿಂದ ಕೆಳಗಿನ ಗೇಟಿಗೆ ಒಂದು ಇಂಚಿನ ಪೈಪು ಗೋಡೆಯೊಳಗೆ ಬಿಡಿ ಅಂತ ಬರೆದರೆ ಸಾಕು. ಪೈಪಿನ ದುಡ್ಡು, ಗೃಹಪ್ರವೇಶದ ದಿನ ಹೂವಿಗೆ ಕೊಡೋದಕ್ಕಿಂತ ಕಡಿಮೆ.